ಅಯ್ಯಪ್ಪನ ಗಂಟಲಿಗೆ ನಾಲ್ಕು ಡಯೋಡು

ಗಂಗಾವತಿ
೯ ಜೂನ್ ೨೦೨೪

ಚಿರಂಜೀವಿ ಹನಮೇಶನಿಗೆ,

ಬೆಸುಗೆಯ ಹೊಗೆ ಹತ್ತಿದ ಕೈಯಿಂದಲೇ ನಿನ್ನ ಸೋದರತ್ತೆಯ ಆಶೀರ್ವಾದ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಈ ಪತ್ರದಲ್ಲಿ ಒಂದು ಚಿತ್ರ ಬರೆಯುವುದಿದೆ. ಚಿತ್ರವೂ ಫೋನಿನಲ್ಲಿ ಹೋಗುತ್ತದೆ ಎಂದು ನೀನು ಹೇಳುತ್ತೀ. ಹೋಗಲಿ, ನನಗೆ ಕಾಗದದ ಮೇಲೆ ಗೆರೆ ಎಳೆದರೇ ತಲೆ ಓಡುವುದು.

ಮೊದಲು ನಿಮ್ಮಪ್ಪನ ಸುದ್ದಿ. ಆಪರೇಶನ್ ಆಗಿ ಎಂಟು ತಿಂಗಳಾಯಿತು, ಗಾಯ ಚೆನ್ನಾಗಿ ಮಾಯ್ದಿದೆ. ಉಣ್ಣುತ್ತಾನೆ, ಹೊಲಕ್ಕೆ ಹೋಗುತ್ತಾನೆ. ಮಾತೊಂದೇ ಇಲ್ಲ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಹುಬ್ಬಳ್ಳಿಯ ಡಾಕ್ಟರು ಟಾರ್ಚಿನಂಥದೊಂದು ಮಷಿನ್ ಕೊಟ್ಟರಲ್ಲ, ಗಂಟಲಿಗೆ ಒತ್ತಿ ಹಿಡಿದು ಬಾಯಾಡಿಸಿದರೆ ಮಾತು ಬರುವಂಥದು, ಅದು ಯಲಬುರ್ಗಾದ ನಿಮ್ಮ ಮನೆಯ ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಮಲಗಿದೆ. ಬೇಕಾದ್ದನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಾನೆ. ನಿಮ್ಮವ್ವ ಯಂಕವ್ವನಿಗೆ ಓದಲು ಬಾರದು, ಪಕ್ಕದ ಮನೆಯ ಸೊಸೆಯನ್ನು ಕರೆದು ಓದಿಸುತ್ತಾಳೆ. ಮೊನ್ನೆ ‘ಸಾರಿಗೆ ಉಪ್ಪಿಲ್ಲ’ ಎಂದು ಬರೆದಿದ್ದನಂತೆ. ಆ ಸೊಸೆ ಅದನ್ನು ಇಡೀ ಓಣಿಗೆ ಕೇಳುವಂತೆ ಓದಿದಳು. ಎರಡು ದಿನ ಗಂಡ ಹೆಂಡತಿ ಇಬ್ಬರೂ ಮೂಕರು.

ಈಗ ವಿಷಯ. ನಿಮ್ಮಪ್ಪನ ದೊಡ್ಡಾಟದ ಮೇಳಕ್ಕೆ ಡಿಸೆಂಬರಿನಲ್ಲಿ ಕೊಪ್ಪಳದಲ್ಲಿ ಒಂದು ಆಟ ಗೊತ್ತಾಗಿದೆ. ಇಡೀ ರಾತ್ರಿಯ ಆಟವನ್ನು ಎರಡೂವರೆ ಗಂಟೆಗೆ ಕತ್ತರಿಸಿ ಸಂಜೆ ಐದಕ್ಕೇ ಆಡುತ್ತಾರೆ. ಮೂವತ್ತು ವರ್ಷ ಕರಾಳಾಸುರನ ಪಾತ್ರ ನಿಮ್ಮಪ್ಪನದು. ಈ ಸಲ ಆ ವೇಷ ಯಾರಿಗೆ ಎಂದು ಯಾರೂ ಬಾಯಿ ಬಿಟ್ಟು ಕೇಳುತ್ತಿಲ್ಲ. ಕೇಳುವ ಮೊದಲೇ ನಾನು ಅವನಿಗೊಂದು ದನಿ ಕಟ್ಟಬೇಕು.

ಟೆಲಿಫೋನ್ ಎಕ್ಸ್‌ಚೇಂಜಿನ ಗುಜರಿಯಿಂದ ನಿಮ್ಮ ಮಾವ ನಮ್ಮ ರೇಡಿಯೋ ರಿಪೇರಿ ಅಂಗಡಿಗೆ ತಂದ ಕಬ್ಬಿಣದ ಪೆಟ್ಟಿಗೆ ನೆನಪಿದೆಯಲ್ಲ? ನೀನು ಸಾಲಿ ಬಿಟ್ಟು ಬಂದು ಅದರೊಳಗೆ ಕೂಗುತ್ತಿದ್ದೆ. ಅದರ ಹೊಟ್ಟೆಯಲ್ಲಿ ನಾಲ್ಕು ಡಯೋಡು, ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ದುಂಡಗೆ ನಿಂತಿವೆ. ಕೆಳಗೆ ಬರೆದಿದ್ದೇನೆ, ನೋಡು. ಆಚೆಗೊಂದು ಟ್ರಾನ್ಸ್‌ಫಾರ್ಮರ್, ಈಚೆಗೊಂದು. ಒಂದು ಕಡೆಯಿಂದ ಮಾತು ಕೊಟ್ಟು ಇನ್ನೊಂದು ಕಡೆಯಿಂದ ಬೇರೊಂದು ಸ್ವರ ಕೊಟ್ಟರೆ ಅದು ಎರಡನ್ನೂ ಬೆರೆಸುವುದಿಲ್ಲ, ಗುಣಿಸುತ್ತದೆ. ಹೊರಬರುವುದು ಎರಡರಂತೆಯೂ ಇರುವುದಿಲ್ಲ. ಇದಕ್ಕೆ ರಿಂಗ್ ಮಾಡ್ಯುಲೇಟರ್ ಅನ್ನುತ್ತಾರೆ ಎಂದು ಹೆಸರು ಹೇಳಿಕೊಟ್ಟವನೇ ನೀನು. ಹೈದರಾಬಾದಿನಲ್ಲಿ ನಾಟಕಗಳಿಗೆ ದನಿ ಕಟ್ಟುವುದು ನಿನ್ನ ಕಸುಬು, ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟ ನಾನು ನಿನಗೇನು ಹೇಳಲಿ.

ಹೋದ ವಾರ ಪೆಟ್ಟಿಗೆ ಹೊತ್ತು ಯಲಬುರ್ಗಾಕ್ಕೆ ಹೋದವಳು, ನಿಮ್ಮಪ್ಪ ಹೊಲಕ್ಕೆ ಹೋದಾಗ ಆ ಮಷಿನನ್ನು ನನ್ನ ಗಂಟಲಿಗೇ ಹಿಡಿದು, ಉಸಿರು ಬಿಗಿದು, ಪೆಟ್ಟಿಗೆಯ ಇನ್ನೊಂದು ಕಡೆಗೆ ಒಂದೇ ಸಮನೆ ಕೂಗುವ ಸ್ವರ ಕೊಟ್ಟು ನೋಡಿದೆ. ಬರೀ ಮಷಿನ್ ಮಿಲ್ಲಿನ ಮೋಟರಿನ ಹಾಗೆ ಒಂದೇ ಸ್ವರದಲ್ಲಿ ಗುಂಯ್ಗುಡುತ್ತದೆ. ಪೆಟ್ಟಿಗೆ ಹೊಕ್ಕು ಬಂದರೆ ಬಾವಿಯೊಳಗೆ ಕಂಚಿನ ಹಂಡೆ ಮಾತಾಡಿದಂತೆ. ಅದು ಕರಾಳಾಸುರನೇ. ನಿನ್ನ ಅಭಿಪ್ರಾಯ ಬರೆ.

ನಿನ್ನ ಅತ್ತೆ,
ಶಾಂತಕ್ಕ

*

ಹೈದರಾಬಾದ್
೨೧ ಜೂನ್ ೨೦೨೪

ಅತ್ತೆಯವರಿಗೆ, ಹನಮೇಶನ ನಮಸ್ಕಾರ.

ನಿಮ್ಮ ಚಿತ್ರವನ್ನು ಸ್ಟುಡಿಯೋದ ಗೋಡೆಗೆ ಅಂಟಿಸಿದ್ದೇನೆ. ಒಂದು ಡಯೋಡಿನ ದಿಕ್ಕು ತಪ್ಪಿದೆ ಎಂದು ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಗೋವಿಂದರಾಜ ಹೇಳಿದ. ಅರ್ಧ ಗಂಟೆ ನೋಡಿ, ತಪ್ಪಿದ್ದು ತನ್ನ ತಲೆ ಎಂದು ಒಪ್ಪಿಕೊಂಡ.

ನಿಮ್ಮ ಲೆಕ್ಕ ಸರಿ. ಅಪ್ಪನ ಮಷಿನ್ ಸೆಕೆಂಡಿಗೆ ತೊಂಬತ್ತು ಸಲ ನಡುಗುತ್ತದೆ ಅಂದುಕೊಳ್ಳಿ. ಇನ್ನೊಂದು ಕಡೆಯಿಂದ ಇನ್ನೂರು ಕೊಟ್ಟರೆ ತೊಂಬತ್ತೂ ಮಾಯ, ಇನ್ನೂರೂ ಮಾಯ. ಕೂಡಿದ ಇನ್ನೂರ ತೊಂಬತ್ತು, ಕಳೆದ ನೂರಾ ಹತ್ತು, ಇವೆರಡೇ ಉಳಿಯುತ್ತವೆ. ಎರಡನೆಯ ಸ್ವರವನ್ನು ಏರಿಸಿ ಇಳಿಸಿದರೆ ಅಪ್ಪನ ಒಂದೇ ಸ್ವರದ ಮಾತಿಗೆ ಏರಿಳಿತ ಹುಟ್ಟುತ್ತದೆ.

ಆದರೆ ನಿಮ್ಮ ಪೆಟ್ಟಿಗೆ ಎಲ್ಲವನ್ನೂ ಗುಣಿಸುತ್ತದೆ, ಕ, ಚ, ಟ, ಸಗಳನ್ನೂ ಬಿಡುವುದಿಲ್ಲ. ಆರ್ಭಟ ಬರುತ್ತದೆ, ಮಾತು ಕಲಸಿಹೋಗುತ್ತದೆ. ಕಂಪ್ಯೂಟರಿನಲ್ಲಿ ನಾವು ಮಾಡುವುದಕ್ಕೆ ಸ್ಪೆಕ್ಟ್ರಲ್ ಅನ್ನುತ್ತೇವೆ. ನಿಮ್ಮ ಊರಿನ ರೈಸ್ ಮಿಲ್ಲಿನ ಜರಡಿಯಂತೆಯೇ. ಅಲ್ಲಿ ಅಕ್ಕಿ ಬೇರೆ, ನುಚ್ಚು ಬೇರೆ, ತೌಡು ಬೇರೆ. ಇಲ್ಲಿ ದನಿಯನ್ನು ನೂರಾರು ಎಳೆಯಾಗಿ ಸೋಸಿ, ಗಂಟಲಿನಿಂದ ಬರುವ ದಪ್ಪ ಎಳೆಗಳನ್ನು ಮಾತ್ರ ಗುಣಿಸಬಹುದು. ಹಲ್ಲು ನಾಲಗೆಯಲ್ಲಿ ಹುಟ್ಟುವ ಸಣ್ಣ ಎಳೆಗಳು ಮುಟ್ಟದೆ ಹಾಗೇ ದಾಟಲಿ. ಆಗ ರಾಕ್ಷಸನೂ ಇರುತ್ತಾನೆ, ಅವನ ಮಾತೂ ತಿಳಿಯುತ್ತದೆ. ಒಂದು ಹಳೆಯ ಲ್ಯಾಪ್‌ಟಾಪಿಗೆ ಎಲ್ಲ ಹೊಂದಿಸಿ ಕಳಿಸುತ್ತೇನೆ. ನನಗೆ ಬರಲಾಗದು, ಡಿಸೆಂಬರಿನಲ್ಲಿ ನಮ್ಮದೇ ಎರಡು ಪ್ರದರ್ಶನಗಳಿವೆ.

ಅಪ್ಪನಿಗೆ ನಾನು ಮಾಡಿದ್ದೆಂದು ಹೇಳಬೇಡಿ. ಫೋನ್ ಮಾಡಿದರೆ ಅವ್ವನೇ ಎತ್ತುತ್ತಾಳೆ. ನಾನು ಹಾಕಿದ ಒಂದು ಮೆಸೇಜಿಗೂ ಅಪ್ಪ ಉತ್ತರಿಸಿಲ್ಲ. ಆಪರೇಶನ್ ಆದ ನಾಲ್ಕನೆಯ ದಿನವೇ ವಾಪಸು ಬಂದೆ ಎಂಬ ಸಿಟ್ಟಿರಬೇಕು.

ನಿಮ್ಮ
ಹನಮೇಶ

*

ಗಂಗಾವತಿ
೧೪ ಜುಲೈ ೨೦೨೪

ಹನಮೇಶ,

ನಿನ್ನ ಜರಡಿಯ ಮಾತು ಓದಿ ಮೊದಲು ನನಗೆ ಸಿಟ್ಟು ಬಂತು. ನನ್ನ ಪೆಟ್ಟಿಗೆಗೆ ಹೆಸರಿಡುವವನು ಹುಟ್ಟಿದನಲ್ಲ ಎಂದು. ಆಮೇಲೆ ಅದನ್ನು ಹೊತ್ತುಕೊಂಡು ಮತ್ತೆ ಯಲಬುರ್ಗಾದ ಬಸ್ಸು ಹತ್ತಿದೆ.

ನಿಮ್ಮಪ್ಪನಿಗೆ ಏನೂ ಹೇಳಲಿಲ್ಲ. ಪಡಸಾಲೆಯಲ್ಲಿ ಸ್ಪೀಕರಿಟ್ಟು, ಗೂಡಿನೊಳಗಿನ ಮಷಿನ್ ತೆಗೆದು ನನ್ನ ಕುತ್ತಿಗೆಗೆ ಹಿಡಿದು, “ಯಂಕವ್ವ, ಚಾ ಮಾಡು” ಎಂದೆ. ನಿಮ್ಮವ್ವ ಅಡುಗೆಮನೆಯಿಂದ ಓಡಿ ಬಂದಳು. “ಯವ್ವಾ, ನಿನಗೂ ಬಂತೇನ ಈ ಬ್ಯಾನಿ?” ಆಟದಲ್ಲಿ ಸಾರಥಿಯಾಗುವ ಗಾಳೇಶ ಅಲ್ಲೇ ಕೂತಿದ್ದ. ಅವನ ಬಾಯಿ ನಿನಗೆ ಗೊತ್ತಲ್ಲ. “ಅಯ್ಯಪ್ಪಣ್ಣ, ನಿನ್ನ ದನಿ ನಿಮ್ಮಕ್ಕ ಕದ್ದಾಳ ನೋಡು. ಹೋಗಿ ಕೇಸ್ ಹಾಕು” ಎಂದ.

ನಿಮ್ಮಪ್ಪನ ಭುಜ ಕುಣಿಯಿತು. ನಗುತ್ತಿದ್ದ, ಸಪ್ಪಳವಿಲ್ಲದೆ. ಎದ್ದು ಬಂದು ನನ್ನ ಕೈಯಿಂದ ಮಷಿನ್ ಕಸಿದು, ಹೆಗಲ ಟವೆಲಿನಿಂದ ಒರೆಸಿ, ತನ್ನ ಕುತ್ತಿಗೆಗೆ ಹಿಡಿದ. ಅಸುರನ ಮೊದಲ ಮಾತುಗಳನ್ನೇ ಹೇಳಿದ. ಕಿಟಕಿಯ ಗಾಜು ಝಂ ಎಂದಿತು. ಒಂದು ಅಕ್ಷರ ತಿಳಿಯಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸಿದ: ‘ರಾಕ್ಷಸ ಛಲೋ ಅದಾನ. ಮಾತು ಎಲ್ಲಿ ಹೋತು?’

ನೀನು ಗೆದ್ದೆ. ಜರಡಿ ಕಳಿಸು.

ಆದರೆ ಇದನ್ನೂ ಕೇಳು. ಸ್ಪೀಕರ್ ಆರಿಸಿದ ಕೂಡಲೇ ಮಷಿನನ್ನು ಮತ್ತೆ ಗೂಡಿಗಿಟ್ಟ. “ಈಗ ಬರೀ ಮಷಿನ್ನಿಲೆ ಒಂದು ಮಾತಾಡೋ” ಎಂದು ನಾನು ಕೈಮುಗಿದೆ. ತಲೆ ಅಲ್ಲಾಡಿಸಿ ಹೊರಗೆ ಹೋದ. ರಾಕ್ಷಸನಾಗಿ ಮಾತಾಡಲು ಒಪ್ಪಿದ್ದಾನೆ, ಅಯ್ಯಪ್ಪನಾಗಿ ಇಲ್ಲ. ಕಾರಣ ನೀನು ಅಂದುಕೊಂಡದ್ದಲ್ಲ. ನನಗೆ ಗೊತ್ತಿದೆ. ನೀನು ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಇಲ್ಲ.

ಶಾಂತಕ್ಕ

*

ಹೈದರಾಬಾದ್
೨೫ ಜುಲೈ ೨೦೨೪

ಅತ್ತೆ,

ಕೇಳುತ್ತಿದ್ದೇನೆ.

ಹನಮೇಶ

*

ಗಂಗಾವತಿ
೪ ಆಗಸ್ಟ್ ೨೦೨೪

ಮಗನೇ,

ದವಾಖಾನೆಯಲ್ಲಿ ಕಡೆಯ ಎಂಟು ದಿನ ನಿಮ್ಮಪ್ಪ ಆ ಮಷಿನನ್ನು ಹಟ ಹಿಡಿದು ಕಲಿತ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಎಲ್ಲ. ಬಿಟ್ಟು ಕಳಿಸಿದ ದಿನ ಅವನು, ಗಾಳೇಶ, ನಾನು ಮೂವರೂ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ತನ್ನ ಫೋನಿನಲ್ಲಿ ಚಾರ್ಜಿಲ್ಲವೆಂದು ಗಾಳೇಶನ ಹೊಸ ನಂಬರಿನ ಫೋನು ಇಸಿದುಕೊಂಡ. ಮೊದಲ ಮಾತು ಮಗನ ಜೊತೆ ಆಡಬೇಕೆಂದು ದಾರಿಯುದ್ದಕ್ಕೂ ತುಟಿಯಲ್ಲೇ ಹೇಳಿಕೊಂಡು ಬಂದಿದ್ದ. ನೀನು ಎತ್ತಿದೆ. ‘ಹನಮಾ, ನಾನು’ ಎಂದ. ನೀನು ಕತ್ತರಿಸಿದೆ. ಮತ್ತೆ ಮಾಡಿದ. ‘ನಾನು, ನಾನು’ ಎಂದ. ಮತ್ತೆ ಕತ್ತರಿಸಿದೆ. ಮೂರನೆಯ ಸಲ ಯಾರೋ ಕಂಪನಿಯವರಿಗೆ ಬೈಯುವ ಹಾಗೆ ಹಿಂದಿಯಲ್ಲಿ ಒಂದು ಮಾತು ಬೈದೆ, ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು.

ನಿನ್ನದು ತಪ್ಪೆಂದು ನಾನು ಬರೆಯುತ್ತಿಲ್ಲ. ದಿನಕ್ಕೆ ಹತ್ತು ಅಂಥ ಮಷಿನ್ ದನಿಯ ಕರೆ ನನಗೂ ಬರುತ್ತವೆ. ‘ನನ್ನ ದನಿ ನನ್ನ ಮಗನಿಗೇ ಮನುಷ್ಯರದಾಗಿ ಕೇಳಲಿಲ್ಲ’ ಎಂದು ಅವನು ಯಾರಿಗೂ ಹೇಳಲಿಲ್ಲ. ಹೇಳಲು ದನಿಯೂ ಇರಲಿಲ್ಲ. ಮಷಿನನ್ನು ಕಿಸೆಗಿಟ್ಟ. ಅಂದಿನಿಂದ ಪಾಟಿ.

ನಾನು ಇಷ್ಟು ದಿನ ನಿನಗೆ ಹೇಳದೇ ಇದ್ದದ್ದು ನನ್ನ ತಪ್ಪು. ಅದನ್ನು ಒಪ್ಪಿಕೊಂಡಿದ್ದೇನೆ. ಈಗ ಕೆಲಸ ನೋಡೋಣ.

ಶಾಂತಕ್ಕ

*

ಹೈದರಾಬಾದ್
೨೨ ಸೆಪ್ಟೆಂಬರ್ ೨೦೨೪

ಅತ್ತೆಯವರಿಗೆ,

ಪಾರ್ಸಲಿನಲ್ಲಿ ಲ್ಯಾಪ್‌ಟಾಪು, ಎರಡು ಮೈಕು, ವೈರುಗಳಿವೆ. ಕೆಂಪು ಟೇಪು ಸುತ್ತಿದ್ದು ಅಪ್ಪನ ಮೈಕು. ಹಳದಿ ಟೇಪಿನದು ಎರಡನೆಯ ಸ್ವರಕ್ಕೆ. ಒಂದೇ ಸ್ವರ ಕೊಟ್ಟರೆ ಮತ್ತೆ ಮೋಟರಿನ ಹಾಗೇ ಆಗುತ್ತದೆ, ಹಾರ್ಮೋನಿಯಂನಂಥ ಏರಿಳಿಯುವ ವಾದ್ಯ ಬೇಕು. ಮೇಳದ ಪೇಟಿಯ ಮುಂದೆ ಇಡಿ. ಸೆಕೆಂಡಿಗೆ ಸಾವಿರದ ಇನ್ನೂರು ಸಲಕ್ಕಿಂತ ಕಡಿಮೆ ನಡುಗುವ ಎಳೆಗಳಷ್ಟೇ ಗುಣಾಕಾರವಾಗುವ ಹಾಗೆ ಇಟ್ಟಿದ್ದೇನೆ. ಆ ಗುಂಡಿ ಮುಟ್ಟಬೇಡಿ. ಮುಟ್ಟುತ್ತೀರಿ ಎಂದು ಗೊತ್ತು, ಮುಟ್ಟಿದರೆ ಎಷ್ಟಕ್ಕಿಟ್ಟಿರಿ ಎಂದು ಬರೆಯಿರಿ.

ಗಾಳೇಶನ ಆ ನಂಬರನ್ನು ಮೂರನೆಯ ಕರೆಯ ನಂತರ ಬ್ಲಾಕ್ ಮಾಡಿದ್ದೆ. ನಿಮ್ಮ ಪತ್ರ ಬಂದ ದಿನ ತೆಗೆದು ನೋಡಿದೆ. ಇನ್ನೂ ಅಲ್ಲೇ ಇತ್ತು. ಆಮೇಲೂ ಅದೇ ಫೋನಿನಿಂದ ಅಪ್ಪ ನಾಲ್ಕು ಸಲ ಮಾಡಿದ್ದ, ಅದು ನಿಮಗೂ ಗೊತ್ತಿಲ್ಲವೇನೋ.

ಹನಮೇಶ

*

ಗಂಗಾವತಿ
೧೦ ನವೆಂಬರ್ ೨೦೨೪

ಹನಮೇಶ,

ನಿನ್ನ ಜರಡಿ ಅಪ್ಪಟ ಬಂಗಾರ. ಗುಂಡಿ ಮುಟ್ಟಿದೆ, ಸಾವಿರದ ಐನೂರಕ್ಕಿಟ್ಟರೆ ಇನ್ನೂ ಗತ್ತು ಬರುತ್ತದೆ, ಬರೆದುಕೋ. ಮನೆಯಲ್ಲಿ ನಾನೇ ಪೇಟಿ ಒತ್ತಿದೆ, ನಿಮ್ಮಪ್ಪ ಮಾತಾಡಿದ. ಅಕ್ಷರ ಅಕ್ಷರ ತಿಳಿಯಿತು. ನಿಮ್ಮವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು. ರೊಟ್ಟಿ ಸೀದಿತು. ಮೇಳದವರು ಕರಾಳಾಸುರನ ವೇಷ ಅವನಿಗೇ ಎಂದು ಹೇಳಿಬಿಟ್ಟರು.

ಇನ್ನು ನಿನ್ನೆಯ ತಾಲೀಮಿನ ಕಥೆ. ಕೆಟ್ಟದ್ದನ್ನೂ ಬರೆಯಬೇಕಲ್ಲ.

ಪರದೆ ಸರಿಯಿತು. ಅಸುರ ಬಂದ, ಹೆಜ್ಜೆ ಹಾಕಿದ, ಪೇಟಿ ಮದ್ದಳೆ ಎಲ್ಲ ಹದವಾಗಿತ್ತು. ಗಾಳೇಶ ಸಾರಥಿಯಾಗಿ ಮುಂದೆ ಬಂದು ಪದ್ಧತಿಯಂತೆ, “ಭಲೇ ದೊರೆಯೇ, ತಾವು ಧಾರು? ತಮ್ಮ ನಾಮಾಂಕಿತವೇನು?” ಎಂದು ಕೇಳಿದ. ನಿಮ್ಮಪ್ಪ ಮಷಿನ್ ಒತ್ತಿ ಬಾಯಿ ತೆರೆದ. ಸ್ಪೀಕರಿನಲ್ಲಿ ಹಲ್ಲಿ ಲೊಚಗುಟ್ಟಿದಂತೆ ಟಕ್, ಚಸ್, ಟಕ್. ಅಷ್ಟೇ. ಮತ್ತೆ ಒತ್ತಿದ, ಮತ್ತೆ ಹಲ್ಲಿ. ತಾಲೀಮು ನೋಡಲು ಬಂದವರಲ್ಲಿ ಒಂದಿಬ್ಬರು ನಕ್ಕರು. ನಿಮ್ಮಪ್ಪ ಕಿರೀಟ ತೆಗೆದು ಕಟ್ಟೆಯ ಮೇಲಿಟ್ಟು ಹೊರಟೇಹೋದ.

ನಾನು ವೈರು ಹುಡುಕಿದೆ, ಮೈಕು ತಟ್ಟಿದೆ. ಎಲ್ಲ ಸರಿ ಇತ್ತು. ಆಮೇಲೆ ತಲೆಗೆ ಹೊಳೆದು ಹಣೆ ಬಡಿದುಕೊಂಡೆ. ಅಸುರ ಮಾತಿಗೆ ನಿಂತರೆ ಹಿಮ್ಮೇಳ ನಿಲ್ಲುತ್ತದೆ. ಅದು ಆಟದ ಕಟ್ಟಳೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ನೀನೂ ನೋಡಿದ್ದೀ. ಇಬ್ಬರಿಗೂ ಹೊಳೆಯಲಿಲ್ಲ. ಪೇಟಿ ಸುಮ್ಮನಾದರೆ ಆ ಕಡೆ ಸೊನ್ನೆ. ಸೊನ್ನೆಯಿಂದ ಯಾವುದನ್ನು ಗುಣಿಸಿದರೂ ಸೊನ್ನೆ.

ಪೇಟಿ ಮಾಸ್ತರ ಪ್ರಭುರಾಜನನ್ನು ಬೇಡಿಕೊಂಡೆ. “ಮಾತಿನ ನಡುವ ಒಂಚೂರು ಸಣ್ಣಗ ಒತ್ತರಿ” ಎಂದೆ. ಅವನು ಪೇಟಿಯ ಮುಚ್ಚಳ ಹಾಕಿದ. “ಶಾಂತಕ್ಕ, ನೀವು ಹೇಳಿದ್ರ ಬಾವ್ಯಾಗ ಜಿಗೀತೀನಿ. ಅಸುರ ಮಾತಾಡೂವಾಗ ಪೇಟಿ ಬಾರಿಸಿದ್ರ ನಮ್ಮ ಗುರುಗಳು ಮ್ಯಾಲಿಂದ ಇಳಿದು ಬಂದು ಬಡೀತಾರ” ಎಂದ. ಅವನದೂ ಸರಿಯೇ. ಪೇಟಿ ಅವನದು, ಕಟ್ಟಳೆ ಅವನ ಗುರುವಿನದು.

ಹಾಗಾಗಿ ಹಳದಿ ಟೇಪಿನ ಮೈಕಿಗೆ ಪೇಟಿ ಬೇಡ. ಪರದೆಯ ಹಿಂದೆ ಕೂತು ಬಾಯಿ ಮುಚ್ಚಿ ಗುನುಗುವ ಒಬ್ಬ ಮನುಷ್ಯ ಬೇಕು. ನಿಮ್ಮಪ್ಪ ಎಲ್ಲಿ ಏರುತ್ತಾನೆ, ಎಲ್ಲಿ ಉಸಿರು ಹಿಡಿಯುತ್ತಾನೆ, ಯಾವ ಮಾತಿನ ಮುಂದೆ ಅರೆಗಳಿಗೆ ನಿಲ್ಲುತ್ತಾನೆ ಎಂಬುದು ಅವನಿಗೆ ಗೊತ್ತಿರಬೇಕು. ಇವನು ನಿಂತ ಕಡೆ ಅವನು ನಡೆದರೆ ಕೆಟ್ಟಿತು, ಅವನು ನಿಂತ ಕಡೆ ಇವನು ನಡೆದರೂ ಕೆಟ್ಟಿತು. ಮೇಳದಲ್ಲಿ ಹುಡುಕಿದೆ, ಎಲ್ಲರಿಗೂ ತಮ್ಮ ತಮ್ಮ ಪಾತ್ರ ಬರುತ್ತದೆ. ಕರಾಳಾಸುರನ ಮಾತು ಪೂರ್ತಿ ಬರುವ ಇನ್ನೊಬ್ಬನನ್ನು ನಾನು ಬಲ್ಲೆ. ಅವನು ಚಿಕ್ಕವನಿದ್ದಾಗ ಅಪ್ಪನ ಹಿಂದೆ ನಿಂತು, ಅಪ್ಪನಿಗಿಂತ ಮೊದಲೇ ಆ ಮಾತು ಮುಗಿಸಿ ಬೈಸಿಕೊಳ್ಳುತ್ತಿದ್ದ.

ಆಟ ಡಿಸೆಂಬರ್ ೧೫, ಭಾನುವಾರ, ಸಂಜೆ ಐದಕ್ಕೆ. ಮೈಕು ಪರದೆಯ ಹಿಂದೆ ಇರುತ್ತದೆ. ಅದನ್ನು ಆನ್ ಮಾಡಿಯೇ ಇಟ್ಟಿರುತ್ತೇನೆ.

ಶಾಂತಕ್ಕ

*

ಹೈದರಾಬಾದ್
೧೯ ನವೆಂಬರ್ ೨೦೨೪

ಅತ್ತೆಯವರಿಗೆ,

ಇಲ್ಲಿಯ ಎರಡು ಪ್ರದರ್ಶನವನ್ನು ಗೋವಿಂದರಾಜ ನೋಡಿಕೊಳ್ಳುತ್ತಾನೆ. ದಿನಾ ಸ್ಟುಡಿಯೋದಲ್ಲಿ ಗುನುಗಿ ನೋಡುತ್ತಿದ್ದೇನೆ. ಮಷಿನಿನ ಸ್ವರದ ಎರಡು ಪಟ್ಟು, ಮೂರು ಪಟ್ಟಿಗೆ ನಿಂತರೆ ದನಿ ಒಂದಾಗಿ ಬರುತ್ತದೆ. ಕೂದಲೆಳೆಯಷ್ಟು ಸರಿದರೂ ಒಡೆದು ಕಂಚಾಗುತ್ತದೆ. ಸಿಟ್ಟಿನ ಮಾತಿಗೆ ಬೇಕೆಂದೇ ಸರಿಯುತ್ತೇನೆ, ಅಸುರ ತನ್ನ ಹೆಸರು ಹೇಳುವಾಗ ಸರಿಯುವುದಿಲ್ಲ.

ಎಂಟನೆಯ ತಾರೀಕಿಗೇ ಬರುತ್ತೇನೆ, ಒಂದು ವಾರ ತಾಲೀಮು ಬೇಕು. ನಾನು ಬರುವುದನ್ನು ಅಪ್ಪನಿಗೆ ಮೊದಲೇ ಹೇಳಿಬಿಡಿ. ಏಕೆ ಬರುತ್ತಿದ್ದೇನೆ ಎಂಬುದನ್ನೂ, ಆ ನಂಬರಿನ ಮಾತನ್ನೂ ಹೇಳಿ. ಬೇಡ, ಅದನ್ನು ನಾನೇ ಹೇಳುತ್ತೇನೆ.

ಹನಮೇಶ

*

ಗಂಗಾವತಿ
೫ ಜನವರಿ ೨೦೨೫

ಹನಮೇಶನಿಗೆ ಅತ್ತೆಯ ಆಶೀರ್ವಾದ.

ನೀನು ಪರದೆಯ ಹಿಂದೆ ಕೂತಿದ್ದೆ, ಮುಂದಿನಿಂದ ಹೇಗಿತ್ತೆಂದು ನಿನಗೆ ಗೊತ್ತಿಲ್ಲ. ಗಾಳೇಶ ಕೇಳಿದ ಕೂಡಲೇ ನಿಮ್ಮಪ್ಪ ಉತ್ತರ ಕೊಡಲಿಲ್ಲ. ಒಂದು, ಎರಡು, ಮೂರು ಎಂದು ನಾನು ಎಣಿಸಿದೆ. ಆಮೇಲೆ ಆ ದನಿ ಬಂತು. ಅದು ನಿನ್ನದಲ್ಲ, ಅವನದಲ್ಲ. ನೆಲದಿಂದ ಬಂದಂತೆ ಬಂತು, ಒಂದೊಂದು ಅಕ್ಷರವೂ ಕಡೆಯ ಸಾಲಿಗೆ ಮುಟ್ಟಿತು. ನನ್ನ ಪಕ್ಕದ ಮುದುಕ ಎಲೆ ಅಡಿಕೆ ಅಗಿಯುವುದನ್ನು ಮರೆತು ಬಾಯಿ ತೆರೆದೇ ಕೂತ. ನೀನು ಒಂದು ಕಡೆ ತಪ್ಪಿದೆ, ಯುದ್ಧದ ಮಾತಿನಲ್ಲಿ. ನಿಮ್ಮಪ್ಪ ಅದನ್ನು ಕೆಮ್ಮಿನಂತೆ ಮಾಡಿ ದಾಟಿಸಿದ. ಮನೆಗೆ ಬಂದು ನೀವಿಬ್ಬರೂ ಕಟ್ಟೆಯ ಮೇಲೆ ಏನು ಮಾತಾಡಿದಿರೋ ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಪಾಟಿ ಎರಡೂ ಕಡೆ ತುಂಬಿತ್ತು, ಅಷ್ಟು ನೋಡಿದೆ.

ಆದರೆ ನೀನು ಹೋದ ಮೇಲೂ ಮಷಿನ್ ಗೂಡು ಬಿಟ್ಟು ಬರಲಿಲ್ಲ. ಆಟವೇನೋ ಗೆದ್ದೆವು, ಅಯ್ಯಪ್ಪ ಇನ್ನೂ ಬಾಕಿ ಎಂದುಕೊಂಡೆ. ನಾನು ಒತ್ತಾಯ ಮಾಡಲಿಲ್ಲ.

ನಿನ್ನೆ ಕುಷ್ಟಗಿಯವರು ಆಟಕ್ಕೆ ಜಾಗ ನೋಡಲು ಕರೆದಿದ್ದರು. ನಿಮ್ಮಪ್ಪ ನನ್ನನ್ನು ಕರೆದೊಯ್ಯಲು ಗಂಗಾವತಿಗೆ ಬಂದಿದ್ದ. ಬಸ್ಸು ಗಿಜಿಗಿಜಿ. ಒಂದು ಸೀಟು ಖಾಲಿ, ಅದರ ಮೇಲೆ ಯಾರೋ ಕಿಟಕಿಯಿಂದ ಎಸೆದ ಟವೆಲು. ನಿಮ್ಮಪ್ಪ ಅದನ್ನು ಮಡಚಿ ಪಕ್ಕಕ್ಕಿಟ್ಟು ನನ್ನನ್ನು ಕೂರಿಸಲು ಕೈ ಹಿಡಿದ. ಅಷ್ಟರಲ್ಲಿ ಟವೆಲಿನ ಒಡೆಯ ನುಗ್ಗಿ ಬಂದ, ದಪ್ಪ ಮೀಸೆಯವನು.

“ಏ ಯಜಮಾನ್ರ, ಟವಲ್ ಹಾಕೀನಿ, ಕಾಣಂಗಿಲ್ಲೇನು?”

ನಿಮ್ಮಪ್ಪ ಕೈಯಲ್ಲೇ ನನ್ನನ್ನು ತೋರಿಸಿದ, ವಯಸ್ಸಾದವಳು ಎಂದು.

“ಬಾಯಿಲೆ ಹೇಳ್ರಲ್ಲ. ಕೈ ಯಾಕ ಆಡಸ್ತೀರಿ?”

ನಾನು ನಡುವೆ ಬಾಯಿ ಹಾಕಲು ಹೋದೆ. ನಿಮ್ಮಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ತಡೆದ. ಅಂಗಿಯ ಕಿಸೆಗೆ ಕೈ ಹಾಕಿ ಮಷಿನ್ ತೆಗೆದ. ಅದು ಕಿಸೆಯಲ್ಲಿತ್ತೆಂದು ನನಗೂ ಗೊತ್ತಿರಲಿಲ್ಲ. ಕುತ್ತಿಗೆಗೆ ಒತ್ತಿದ. ಪೆಟ್ಟಿಗೆಯಿಲ್ಲ, ಜರಡಿಯಿಲ್ಲ, ಗುನುಗಲು ನೀನಿಲ್ಲ. ಅದೇ ಮಿಲ್ಲಿನ ಮೋಟರು.

“ಟವಲ್ ಕುಂದ್ರಲಿ. ಅದರ ಕಾಲು ನೋಯ್ತಿರಬೇಕು. ನಮ್ಮಕ್ಕ ನಿಂದರ್ತಾಳ.”

ಎಲ್ಲರೂ ತಿರುಗಿ ಅವನ ಕುತ್ತಿಗೆಯನ್ನೇ ನೋಡಿದರು. ನಿಮ್ಮಪ್ಪ ಮಷಿನ್ ಇಳಿಸಲಿಲ್ಲ. ಹಿಂದಿನ ಸೀಟಿನ ಹೆಣ್ಣುಮಗಳೊಬ್ಬಳು ಕಿಸಕ್ಕನೆ ನಕ್ಕಳು. ಅವಳ ಹಿಂದೆ ಇಡೀ ಬಸ್ಸು ನಕ್ಕಿತು. ಹನಮೇಶ, ನನ್ನ ಕಿವಿ ಐವತ್ತು ವರ್ಷ ದನಿ ಕೇಳಿದ ಕಿವಿ, ಅದಕ್ಕೆ ಮೋಸವಾಗುವುದಿಲ್ಲ. ಅವರು ನಕ್ಕದ್ದು ಅವನ ದನಿಗಲ್ಲ, ಮಾತಿಗೆ.

ಮೀಸೆಯವನೂ ಸೋಲುವವನಲ್ಲ. “ಟವಲ್ಲಿಗೂ ಟಿಕೆಟ್ ತಗಸ್ತೀನಿ, ಆತೇನು?” ಎಂದ. “ಹಾಂಗಾರ ಅರ್ಧ ಟಿಕೆಟ್ ತಗಸು, ಸಣ್ಣದೈತಿ” ಎಂದ ನಿಮ್ಮಪ್ಪ. ಕಂಡಕ್ಟರ್ ಬಂದ, ಅವನಿಗೂ ಒಂದು ಮಾತು ಬಿತ್ತು. ಕನಕಗಿರಿ ದಾಟುವ ಹೊತ್ತಿಗೆ ಮೀಸೆಯವನು ನಮ್ಮ ಯಲಬುರ್ಗಾದ ಬೀಗರ ಕಡೆಯವನೆಂದು ತಿಳಿಯಿತು. ಆಮೇಲೆ ಕೇಳಬೇಕೆ. ಜೋಳ, ಮಳೆ, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು, ಡಾಕ್ಟರು ಗಂಟಲು ಹೇಗೆ ಕೊಯ್ದರು, ಒಂದೂ ಬಿಡಲಿಲ್ಲ. ಮಾತಿನ ಭರದಲ್ಲಿ ಇಬ್ಬರೂ ಆ ಸೀಟಿನಲ್ಲಿ ಒತ್ತೊತ್ತಿ ಕೂತುಬಿಟ್ಟರು.

ತಾವರಗೇರಾದ ತನಕ ನಾನು ನಿಂತೇ ಹೋದೆ. ಇಬ್ಬರಿಗೂ ನೆನಪಾಗಲಿಲ್ಲ, ನಾನೂ ನೆನಪು ಮಾಡಲಿಲ್ಲ.

ನಿನ್ನ ಅತ್ತೆ,
ಶಾಂತಕ್ಕ